ಭೀಮೆಯ ತಡಿಯ ಕುದುರೆಗೂ ಒಂದು ಪಹಣಿ ಬೇಕು



ಕಳೆದ ತಿಂಗಳು ಅಫಜಲಪುರ ತಾಲ್ಲೂಕಿನ ಹೊಳೆಸಾಲಿನ ಒಂದು ಊರಿನಿಂದ ಕುರುಬರ ತರುಣನೊಬ್ಬ ನನ್ನ ಕಚೇರಿಗೆ ಬಂದ. ತೊಗರಿ ಬೀಜಕ್ಕೋ ತಾಡಪಾಲಿನ ಅರ್ಜಿಗೋ ಬಂದಿರಬೇಕೆಂದುಕೊಂಡೆ. ಅವನು ಬಗಲಚೀಲದಿಂದ ಹಳೆಯ ಪೇಪರಿನಲ್ಲಿ ಸುತ್ತಿದ್ದ ಒಂದು ಬೆಳ್ಳಿಯ ಕಡಗ ತೆಗೆದು ನನ್ನ ಮೇಜಿನ ಮೇಲಿಟ್ಟ.

"ಅಪ್ಪನ ಹೆಸರಿಲೆ ಜಾತ್ರ್ಯಾಗ ಕುದುರಿಗಿ ಬಹುಮಾನ ಇಡಬೇಕಂತ ಮಾಡೀವ್ರಿ ಸಾಹೇಬ್ರ. ಯಾವ ಕುದುರಿಗಿ ಕೊಡಬೇಕು, ನೀವೇ ಹೇಳ್ರಿ" ಎಂದ.

ಸತ್ತವರ ಹೆಸರಿನಲ್ಲಿ ಬಹುಮಾನ ಇಡುವುದು ನಮ್ಮ ಕಡೆ ಹೊಸದಲ್ಲ. ಜಾತ್ರೆಯ ಕುಸ್ತಿಗೆ, ಎತ್ತಿನ ಪ್ರದರ್ಶನಕ್ಕೆ, ಭಾರ ಎತ್ತುವ ಪಂದ್ಯಕ್ಕೆ ಊರ ಹಿರಿಯರ ಹೆಸರಿನಲ್ಲಿ ಬೆಳ್ಳಿ ಕಡಗ ಕೊಡುವುದನ್ನು ನೀವೆಲ್ಲರೂ ಕಂಡವರೇ. ಆದರೆ ಈ ಪ್ರಶ್ನೆಗೆ ಅಂದು ನಾನು ಕೂಡಲೇ ಉತ್ತರ ಹೇಳಲಿಲ್ಲ, ಎಂಟು ದಿನ ಬಿಟ್ಟು ಬಾ ಎಂದು ಕಳಿಸಿದೆ. ಕಾರಣ, ಅವನ ತಂದೆಯನ್ನು ನಾನು ಬಲ್ಲೆ. ಅವರಿಗೆ ನಾನೊಂದು ಬಾಕಿ ತೀರಿಸಬೇಕಾಗಿತ್ತು.

'ತಳಿ ಇಲ್ಲ' ಎಂದು ಬರೆದ ಕೈ

ಇದಾಗಿ ಹದಿನೇಳು ವರ್ಷ. ಬಿ.ಎಸ್ಸಿ. ಕೃಷಿ ಮುಗಿಸಿ ಕೆಲಸಕ್ಕೆ ಸೇರಿ ನನಗಿನ್ನೂ ನಾಲ್ಕು ವರ್ಷ ಆಗಿರಲಿಲ್ಲ. ಹೊಳೆಯ ದಂಡೆಯ ಒಂದು ಜಾತ್ರೆಯಲ್ಲಿ ಜಾನುವಾರು ಪ್ರದರ್ಶನವಿತ್ತು. ತೀರ್ಪುಗಾರರ ಪಕ್ಕದಲ್ಲಿ ಕೂತು ರಿಜಿಸ್ಟರ್ ಬರೆಯುವ ಕೆಲಸ ನನ್ನದು. ಮಾಲೀಕನ ಹೆಸರು, ಊರು, ಜಾನುವಾರು, ವಯಸ್ಸು, ತಳಿ ಎಂದು ಐದು ಅಂಕಣ. ಖಿಲಾರಿ ಎತ್ತು ಬಂದವು, ದೇವಣಿ ಆಕಳು ಬಂದವು, ಬರೆದುಕೊಂಡೆ. ಆಮೇಲೆ ಕಂಬಳಿ ಹೊದ್ದ ಒಬ್ಬ ಹಿರಿಯರು ಬೂದು ಬಣ್ಣದ ಹೆಣ್ಣುಕುದುರೆಯನ್ನು ಹಿಡಿದುಕೊಂಡು ಬಂದರು. ಎತ್ತರ ನನ್ನ ಎದೆಮಟ್ಟ. ಗಟ್ಟಿ ಕಾಲು, ಕಪ್ಪು ಗೊರಸು. ಬೆನ್ನ ಮೇಲೆ ಹೇರು ಹೊತ್ತ ಗುರುತಿತ್ತು.

"ತಳಿ?" ಎಂದೆ.

"ಹೊಳಿ ತಟ್ಟುರಿ. ನಮ್ಮ ಮುತ್ಯಾನ ಕಾಲದಿಂದ ನಮ್ಮ ಹಟ್ಟ್ಯಾಗೇ ಅದ."

ನನ್ನ ಪುಸ್ತಕದ ಪಟ್ಟಿಯಲ್ಲಿ 'ಹೊಳಿ ತಟ್ಟು' ಎಂಬ ತಳಿ ಇರಲಿಲ್ಲ. 'ತಳಿ ಇಲ್ಲ' ಎಂದು ಬರೆದೆ. ತಳಿ ಇಲ್ಲದ ಜಾನುವಾರಿಗೆ ಸ್ಪರ್ಧೆಯಲ್ಲಿ ಜಾಗವಿಲ್ಲ ಎಂದು ಕುದುರೆಯನ್ನು ಅಖಾಡದಿಂದ ಹೊರಗೆ ಕಳಿಸಿದರು. ಅಂದಿನ ಬಹುಮಾನ ಬೇರೆ ಜಿಲ್ಲೆಯಿಂದ ಮೆರವಣಿಗೆಗೆಂದು ತಂದಿದ್ದ, ಐದಡಿ ಎತ್ತರದ ಬಿಳಿ ಗಂಡುಕುದುರೆಗೆ ಹೋಯಿತು. ಹೋಗುವಾಗ ಆ ಹಿರಿಯರು ಸಿಟ್ಟಾಗಲಿಲ್ಲ, ತಿರುಗಿ ಒಂದೇ ಮಾತು ಕೇಳಿದರು: "ಮುತ್ಯಾನ ಹೆಸರು ಗೊತ್ತಿದ್ದ ಕುದುರಿಗಿ ಜಾತ ಇಲ್ಲಂದ್ರ, ನಿನ್ನೆ ಸಂತಿಯಿಂದ ತಂದಿದ್ದಕ್ಕ ಹೆಂಗ ಬಂತ್ರಿ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಅಷ್ಟಕ್ಕೇ ಮುಗಿದಿದ್ದರೆ ಬರೀ ಮುಖಭಂಗದ ಸಂಗತಿ. ಆದರೆ ಮುಗಿಯಲಿಲ್ಲ. ಆ ವರ್ಷ ಅದೇ ಬಿಳಿ ಕುದುರೆಗೆ ಹೊಳೆಸಾಲಿನ ಎಷ್ಟೋ ಹೆಣ್ಣುಕುದುರೆಗಳನ್ನು ಕೂಡಿಸಿದರು, ಬಹುಮಾನ ಬಂದ ಕುದುರೆ ಎಂಬ ಒಂದೇ ಕಾರಣಕ್ಕೆ. ಹುಟ್ಟಿದ ಮರಿಗಳು ನೋಡಲು ಚಂದವಿದ್ದವು, ಕಾಲು ಉದ್ದ. ಬೆಳೆದ ಮೇಲೆ ಕುರಿ ಹಿಂಡಿನ ಹಿಂದೆ ಹೇರು ಹೊತ್ತು ನಡೆಯಲು ಬಾರದಾದವು. ಕಪ್ಪು ಭೂಮಿಯ ಕೆಸರಲ್ಲಿ ಕಾಲು ಕೀಳಲಾರವು, ಬರೀ ಕಣಕಿ ತಿಂದು ಮೈ ಹಿಡಿಯಲಾರವು, ಬೇಸಿಗೆಯಲ್ಲಿ ಎರಡು ದಿನದ ದಾರಿ ನಡೆದರೆ ಮೂರನೆಯ ದಿನ ಏಳಲಾರವು. ಹಿರಿಯರ ಹಟ್ಟಿಯಲ್ಲೇ ಅಂಥವು ಎರಡಿದ್ದವು. ನನ್ನ ಒಂದು ಸಾಲಿನ ಬರಹದ ಫಲ ಇದು ಎಂದು ಅವರು ಎಂದೂ ಹೇಳಲಿಲ್ಲ. ನಾನು ತಿಳಿದುಕೊಂಡೆ.

ಆಮೇಲೆ ಅವರು ಮಾಡಿದ ಕೆಲಸವೇ ಇಂದಿನ ಈ ಬಹುಮಾನಕ್ಕೆ ಮೂಲ. ಆಳಂದದ ಕಡೆಯ ಮೂರು, ಅಫಜಲಪುರದ ನಾಲ್ಕು, ಜೇವರ್ಗಿಯ ಮೂರು, ಹೀಗೆ ನೆಂಟರು ಬೀಗರ ಹತ್ತು ಹಟ್ಟಿಗಳನ್ನು ಒಂದೆಡೆ ಕೂಡಿಸಿ ಮಾತು ತೆಗೆದುಕೊಂಡರು. ಹೊಳೆ ತಟ್ಟಿನ ಹೆಣ್ಣುಗಳಿಗೆ ಹೊಳೆ ತಟ್ಟಿನ ಗಂಡನ್ನೇ ಕೂಡಿಸಬೇಕು. ಒಳ್ಳೆಯ ಗಂಡುಮರಿಯನ್ನು ಸಂತೆಗೆ ಹೊಡೆಯಬಾರದು. ಒಂದು ಹಟ್ಟಿಯ ಗಂಡು ಹತ್ತೂ ಹಟ್ಟಿಗೆ ಸರದಿಯ ಮೇಲೆ. ಇದಕ್ಕೆ ಹೆಸರಿರಲಿಲ್ಲ, ನೋಂದಣಿ ಇರಲಿಲ್ಲ, ಪಾವತಿ ಪುಸ್ತಕವೂ ಇರಲಿಲ್ಲ. ಬೇರೆ ದೇಶದಲ್ಲಾಗಿದ್ದರೆ ಇದನ್ನೇ ತಳಿ ಸಂಘವೆನ್ನುತ್ತಿದ್ದರು, ಅವರನ್ನು ಸಂಸ್ಥಾಪಕರೆನ್ನುತ್ತಿದ್ದರು. ಕಳೆದ ವರ್ಷ ಅವರು ತೀರಿಕೊಂಡರು. ಮಗ ತಂದ ಕಡಗ ಅವರ ಹೆಸರಿನದು.

ಹೊಳೆಯ ಹೆಸರಿನ ಕುದುರೆ

ಹೊಳೆ ತಟ್ಟು ಎಂದರೆ ಏನು? ಈಗ ನಮಗೆ ಉತ್ತರ ಸಿಗುವ ಹಾದಿ ಕಾಣುತ್ತಿದೆ.

ಭೀಮಾ ನದಿ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, ಸೊಲ್ಲಾಪುರ ಜಿಲ್ಲೆಯನ್ನು ಹಾಯ್ದು ನಮ್ಮ ನಾಡಿಗೆ ಇಳಿಯುತ್ತದೆ. ಆಳಂದದ ಕೊರಳ್ಳಿಯ ಕಡೆಯಿಂದ ಬರುವ ಅಮರ್ಜಾ ಹಳ್ಳ ದೇವಲ ಗಾಣಗಾಪುರದಲ್ಲಿ ಅದನ್ನು ಕೂಡುತ್ತದೆ. ಮುಂದೆ ಜೇವರ್ಗಿಯ ಕಟ್ಟಿಸಂಗಾವಿ ಸೇತುವೆಯ ಕೆಳಗೆ ಹಾಯ್ದು, ರಾಯಚೂರು ತಾಲ್ಲೂಕಿನ ಹತ್ತಿರ ಕೃಷ್ಣೆಗೆ ಸೇರುತ್ತದೆ. ಒಟ್ಟು ಉದ್ದ 861 ಕಿಲೋಮೀಟರ್. ಈ ನದಿಯ ಮೇಲ್ಭಾಗದ ದಂಡೆಯಲ್ಲಿ, ಅಂದರೆ ಪುಣೆ, ಸೊಲ್ಲಾಪುರ, ಅಹಿಲ್ಯಾನಗರ, ಸಾತಾರಾ ಕಡೆ, ಧನಗರರು ಸಾಕುವ ಗಿಡ್ಡ ಕುದುರೆಗೆ ಮರಾಠಿಯಲ್ಲಿ 'ಭೀಮಥಡಿ' ಎಂದು ಹೆಸರು. ಥಡಿ ಎಂದರೆ ದಂಡೆ. ನಮ್ಮ ಕನ್ನಡದ 'ತಡಿ'ಯೂ ಅದೇ. ಹೆಸರು ಕೇಳಿದರೇ ತಿಳಿಯುತ್ತದೆ, ಇದು ಹೊಳೆದಂಡೆಯ ಕುದುರೆ.

ದಖ್ಖನಿ ಕುದುರೆ ಎಂದೂ ಇದನ್ನು ಕರೆಯುತ್ತಾರೆ. ಅರಬ್ಬಿ ಮತ್ತು ತುರ್ಕಿ ಕುದುರೆಗಳು ಇಲ್ಲಿನ ಗುಡ್ಡಗಾಡಿನ ತಟ್ಟುಗಳ ಜೊತೆ ಬೆರೆತು, 17–18ನೆಯ ಶತಮಾನದಲ್ಲಿ ಈ ತಳಿ ರೂಪುಗೊಂಡಿತೆಂದು ಹೇಳುತ್ತಾರೆ. ಮರಾಠರ ದಂಡು ಉತ್ತರಕ್ಕೆ ಅಟಕದವರೆಗೆ ಹೋಗಿದ್ದು ಇಂಥ ಕುದುರೆಗಳ ಬೆನ್ನ ಮೇಲೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ರಾಜ್ಯಗೀತೆಯೆಂದು ಅಂಗೀಕರಿಸಿದ ಹಾಡಿನಲ್ಲೂ ಭೀಮಾತೀರದ ತಟ್ಟುಗಳ ಹೆಸರಿದೆ. ಆದರೆ ಹಾಡಿನಲ್ಲಿ ಹೆಸರಿದ್ದರೆ ಸರ್ಕಾರಿ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಕಂಪನಿ ಸರ್ಕಾರದವರು ದಂಡಿಗೆ ಕುದುರೆ ಬೇಕೆಂದು 1827ರಲ್ಲಿ ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನ ಆಳೆಗಾವಿಯಲ್ಲಿ ಒಂದು ಅಶ್ವಶಾಲೆ ತೆರೆದರು, 1842ಕ್ಕೆ ಮುಚ್ಚಿದರು. ಮುಂದೆ ರೈಲು ಬಂತು, ಮೋಟಾರು ಬಂತು. ಕುದುರೆ ಉಳಿದದ್ದು ಕುರಿ ಹಿಂಡಿನ ಹಿಂದೆ ಗುಡಾರ, ಪಾತ್ರೆ, ಕೋಳಿ, ನಡೆಯಲಾರದ ಕುರಿಮರಿ ಹೊರುವವರ ಹತ್ತಿರ ಮಾತ್ರ. ಅದಕ್ಕೆ ತಳಿಯ ಹೆಸರು ಕೊಡಬೇಕೆಂದು ಬಹುಕಾಲ ಯಾರಿಗೂ ಅನಿಸಲಿಲ್ಲ.

ಹೆಸರು ಬಂದದ್ದು ತೀರಾ ಈಚೆಗೆ. ಬಾರಾಮತಿ ಕಡೆಯ ಸಾಕಣೆದಾರರು ಸಂಘ ಕಟ್ಟಿದರು. ಹಿಸ್ಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಕುದುರೆಗಳ ಅಳತೆ ತೆಗೆದು, ರಕ್ತ ಪರೀಕ್ಷಿಸಿ, ಇದು ಬೇರೆಯೇ ತಳಿ ಎಂದು ತೋರಿಸಿಕೊಟ್ಟರು. ಆಮೇಲೆ ಕರ್ನಾಲದ ರಾಷ್ಟ್ರೀಯ ಪ್ರಾಣಿ ಅನುವಂಶಿಕ ಸಂಪನ್ಮೂಲ ಬ್ಯೂರೋ ಭೀಮಥಡಿಯನ್ನು ದೇಶದ ಎಂಟನೆಯ ಕುದುರೆ ತಳಿಯಾಗಿ ನೋಂದಾಯಿಸಿತು. ಮಾರವಾಡಿ, ಕಾಠಿಯಾವಾಡಿ, ಕಛ್ಛಿ-ಸಿಂಧಿ, ಮಣಿಪುರಿ, ಭೂತಿಯಾ, ಸ್ಪಿತಿ, ಝನ್ಸ್ಕಾರಿ ಇವು ಮೊದಲಿನ ಏಳು.

ಇಲ್ಲೇ ನಾವು ಎಚ್ಚರವಾಗಬೇಕು. ತಳಿಯ ನೆಲೆಯೆಂದು ಹೇಳುವುದು ಮಹಾರಾಷ್ಟ್ರದ ಜಿಲ್ಲೆಗಳನ್ನು. ಅಕ್ಕಲಕೋಟೆ ತಾಲ್ಲೂಕು ದಾಟಿದರೆ ನಮ್ಮ ಆಳಂದ, ಅಫಜಲಪುರ. ಹೊಳೆ ಅದೇ, ಕುರಿಗಾರರ ನೆಂಟಸ್ತನ ಅದೇ, ಹಿಂಡು ತಿರುಗುವ ದಾರಿಯೂ ಎಷ್ಟೋ ಕಡೆ ಅದೇ. ಕುದುರೆ ಮಾತ್ರ ಗಡಿಯ ಕಲ್ಲು ದಾಟಿದೊಡನೆ ಬೇರೆ ಆಗುವುದು ಹೇಗೆ? ಹಾಗೆಂದು ನಮ್ಮ ಹೊಳೆ ತಟ್ಟು ಭೀಮಥಡಿಯೇ ಎಂದು ನಾನು ಪ್ರಮಾಣ ಮಾಡಲಾರೆ. ಅಳೆದು, ರಕ್ತ ಪರೀಕ್ಷಿಸಿ ಹೇಳಬೇಕಾದ ಮಾತು ಅದು. ಒಮ್ಮೆ ಪುಸ್ತಕ ನೋಡಿ 'ಇಲ್ಲ' ಎಂದು ಬರೆದು ಕೆಟ್ಟವನು ನಾನು, ಈಗ ಪರೀಕ್ಷೆ ಇಲ್ಲದೆ 'ಹೌದು' ಎಂದು ಬರೆದರೆ ಅದೂ ಅದೇ ಜಾತಿಯ ತಪ್ಪು. ಆದರೆ ಅಳೆಯುವವರು ಬರುವ ಹೊತ್ತಿಗೆ ಅಳೆಯಲು ಕುದುರೆ ಉಳಿದಿರಬೇಕಲ್ಲ?

2019ರ ಜಾನುವಾರು ಗಣತಿಯ ಲೆಕ್ಕ ನೋಡಿ. ದೇಶದಲ್ಲಿದ್ದ ಕುದುರೆ, ತಟ್ಟುಗಳ ಸಂಖ್ಯೆ ಸುಮಾರು 3 ಲಕ್ಷ 40 ಸಾವಿರ. 2012ರಲ್ಲಿ 6 ಲಕ್ಷ ದಾಟಿತ್ತು. ಏಳೇ ವರ್ಷದಲ್ಲಿ ನೂರಕ್ಕೆ 45ಕ್ಕಿಂತ ಹೆಚ್ಚು ಇಳಿದಿದೆ. ಕಲಬುರಗಿಯ ಸ್ಟೇಷನ್ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಟಾಂಗಾಗಳನ್ನು ನೆನೆಸಿಕೊಂಡರೆ ಈ ಲೆಕ್ಕ ನಂಬಲು ಕಷ್ಟವಿಲ್ಲ.

"ನಮಗೇನು, ನಾವು ತೊಗರಿ ಬೆಳೆಯುವವರು" ಎನ್ನಬೇಡಿ. ಸುಗ್ಗಿಯ ಮೇಲೆ ನಿಮ್ಮ ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಸುತ್ತೀರಲ್ಲ, ಆ ಹಿಂಡು ಆಳಂದದ ಮರಡಿಯಿಂದ ಜೇವರ್ಗಿಯ ಎರೆಭೂಮಿಗೆ ನಡೆದು ಬರುವುದು ಈ ತಟ್ಟುವಿನ ಬೆನ್ನ ಮೇಲೆ ಗುಡಾರ ಹೇರಿಕೊಂಡೇ. ಟೆಂಪೋ ಇದೆ ನಿಜ, ಆದರೆ ಹೊಲದ ಬದುವಿನ ಮೇಲೆ ಟೆಂಪೋ ನಡೆಯುವುದಿಲ್ಲ.

ಪುಸ್ತಕ ಬರೆದವನಿಗೆ ಸ್ಮಾರಕ

ಹುಡುಗ ಹೋದ ಮೇಲೆ ನಾನು ಯೋಚಿಸಿದ್ದು ಇಷ್ಟು. ಬಹುಮಾನ ಎನ್ನುವುದು ತಳಿಯ ಮೇಲೆ ಇಡುವ ಕೈ. ಎತ್ತರಕ್ಕೆ ಕಡಗ ಕೊಟ್ಟರೆ ಮುಂದಿನ ವರ್ಷ ಎತ್ತರದ ಗಂಡುಕುದುರೆಗಾಗಿ ಹುಡುಕಾಟ. ಬಿಳಿ ಬಣ್ಣಕ್ಕೆ ಕೊಟ್ಟರೆ ಬಿಳಿಯದಕ್ಕೆ. ಕುಣಿಯುವ ಕುದುರೆಗೆ ಕೊಟ್ಟರೆ ಮದುವೆ ಮೆರವಣಿಗೆಯವರೇ ಗೆಲ್ಲುತ್ತಾರೆ. ತಂದೆ ಹದಿನೈದು ವರ್ಷ ಕಾಪಾಡಿದ್ದನ್ನು ತಂದೆಯ ಹೆಸರಿನ ಕಡಗವೇ ಕೆಡಿಸಬಹುದು.

ಕೆಡುವುದು ಎಷ್ಟು ಬೇಗ ಎಂಬುದಕ್ಕೆ ನಮ್ಮ ಹಳೆಯ ಆಣೆಯ ಲೆಕ್ಕವೇ ಸಾಕು. ಹೊಳೆ ತಟ್ಟಿನ ಹೆಣ್ಣು ಹದಿನಾರಾಣೆ ಎಂದಿಟ್ಟುಕೊಳ್ಳಿ. ಹೊರಗಿನ ಗಂಡು ಕೂಡಿಸಿದರೆ ಮರಿ ಎಂಟಾಣೆ. ಆ ಮರಿ ಬೆಳೆದ ಮೇಲೆ ಮತ್ತೆ ಹೊರಗಿನ ಗಂಡು ಕೂಡಿದರೆ ನಾಲ್ಕಾಣೆ. ಮತ್ತೊಮ್ಮೆ ಎಂದರೆ ಎರಡಾಣೆ. ಹೆಣ್ಣುಮರಿ ಮೂರನೆಯ ವರ್ಷಕ್ಕೆ ಗಂಡಿಗೆ ಬರುತ್ತದೆ, ಹನ್ನೊಂದು ತಿಂಗಳು ಗಬ್ಬ. ಅಂದರೆ ಹನ್ನೆರಡು ವರ್ಷದಲ್ಲಿ ಹದಿನಾರಾಣೆ ಎರಡಾಣೆಗೆ ಬಂತು. ಒಂದು ಬಾವಿ ತೋಡಿಸಲು ತೆಗೆದ ಬ್ಯಾಂಕಿನ ಸಾಲ ತೀರುವುದರೊಳಗೆ ಒಂದು ತಳಿ ತೀರಿಹೋಗುತ್ತದೆ.

ಹಾಗಾದರೆ ಗೌರವ ಯಾರಿಗೆ ಸಲ್ಲಬೇಕು? ಪರದೇಶದ ಒಂದು ನಿಜ ಸಂಗತಿ ಹೇಳುತ್ತೇನೆ. ಅಮೆರಿಕದ ವರ್ಮಾಂಟ್ ಎಂಬ ಸಣ್ಣ ರಾಜ್ಯದಲ್ಲಿ ಜಸ್ಟಿನ್ ಮಾರ್ಗನ್ ಎಂಬ ಶಾಲಾ ಮಾಸ್ತರರ ಬಳಿ ಒಂದು ಗಂಡುಕುದುರೆ ಇತ್ತು. ಹುಟ್ಟಿದ್ದು 1789ರಲ್ಲಿ, ದೊಡ್ಡ ಕುದುರೆಯೇನೂ ಅಲ್ಲ. ಆದರೆ ಕಾಡಿನ ದಿಮ್ಮಿ ಎಳೆಯುವುದಕ್ಕೂ ಸವಾರಿಗೂ ಓಟಕ್ಕೂ ಅದೇ. ಅದರ ಮರಿಗಳೂ ಹಾಗೆಯೇ ಗಟ್ಟಿಮುಟ್ಟು. 1821ರಲ್ಲಿ ಅದು ಸತ್ತಿತು. ಆಮೇಲೆ ಎತ್ತರದ ಕುದುರೆಗಳ ಗೀಳು ಹತ್ತಿ, ಆ ವಂಶ ಎಲ್ಲೆಲ್ಲೋ ಬೆರೆತು ಚದುರಿಹೋಯಿತು.

ಅದೇ ರಾಜ್ಯದಲ್ಲಿ ಜೋಸೆಫ್ ಬ್ಯಾಟೆಲ್ ಎಂಬ ಆಸ್ತಿವಂತನಿದ್ದ. ಮೊದಲ ಕುದುರೆ ಸತ್ತು ಎರಡು ತಲೆಮಾರು ಕಳೆದ ಮೇಲೆ ಇವನು ಕಂಡಕಂಡವರಿಗೆ ಕಾಗದ ಬರೆದು, ಹಳ್ಳಿಹಳ್ಳಿಯ ಮುದುಕರ ಹೇಳಿಕೆ ತೆಗೆದು, "ನಿಮ್ಮ ಕುದುರೆಯ ತಾಯಿ ಯಾವುದು, ಅದರ ತಂದೆ ಯಾವುದು" ಎಂದು ಕೇಳಿ ಕೇಳಿ ಬರೆದ. 1894ರಲ್ಲಿ ಮಾರ್ಗನ್ ಕುದುರೆಗಳ ವಂಶಾವಳಿಯ ಮೊದಲ ಸಂಪುಟ ಅಚ್ಚಾಯಿತು. 1907ರಲ್ಲಿ ತನ್ನ ಕುದುರೆ ಫಾರ್ಮನ್ನು ಸರ್ಕಾರಕ್ಕೆ ದಾನ ಕೊಟ್ಟ. 1909ರಲ್ಲಿ ಸಾಕಣೆದಾರರ ಕ್ಲಬ್ ಹುಟ್ಟಿತು. ಅವನು ತೀರಿಕೊಂಡದ್ದು 1915ರಲ್ಲಿ. 1921ರಲ್ಲಿ ಆ ಫಾರ್ಮಿನಲ್ಲಿ ಒಂದು ಕಂಚಿನ ಪ್ರತಿಮೆ ನಿಲ್ಲಿಸಿದರು, ಆ ಮೊದಲ ಕುದುರೆಯದು. ಬ್ಯಾಟೆಲ್‌ಗೆ ಸ್ಮಾರಕ ಅವನು ಬರೆಸಿದ ಪುಸ್ತಕವೇ. ಇಂದಿಗೂ ಅಲ್ಲಿ ಹುಟ್ಟುವ ಮಾರ್ಗನ್ ಮರಿಯ ಹೆಸರು ಆ ವಂಶಾವಳಿಯ ಮುಂದುವರಿಕೆಯಲ್ಲಿ ಸೇರುತ್ತದೆ.

ಇರಾನಿನದು ಇನ್ನೂ ನಮ್ಮ ಕತೆಗೆ ಹತ್ತಿರ. ಲೂಯಿಸ್ ಫಿರೋಜ್ ಎಂಬ ಹೆಣ್ಣುಮಗಳು, ಅಮೆರಿಕದಲ್ಲಿ ಹುಟ್ಟಿ ಇರಾನಿನ ಮನೆಗೆ ಸೊಸೆಯಾಗಿ ಬಂದವಳು. ಮಕ್ಕಳಿಗೆ ಸವಾರಿ ಕಲಿಸಲು ಸಣ್ಣ ಕುದುರೆ ಬೇಕೆಂದು ಹುಡುಕುತ್ತ 1965ರಲ್ಲಿ ಕ್ಯಾಸ್ಪಿಯನ್ ಸಮುದ್ರದ ದಡದ ಆಮೋಲ್ ಊರಿಗೆ ಹೋದಳು. ಅಲ್ಲಿ ಗಾಡಿ ಎಳೆಯುತ್ತಿದ್ದ ಬಡಕಲು ತಟ್ಟುಗಳನ್ನು ನೋಡಿ ನಿಂತುಬಿಟ್ಟಳು. ಊರವರಿಗೆ ಅವು ಬರೀ ಗಾಡಿ ಕುದುರೆ. ಪರೀಕ್ಷಿಸಿದಾಗ ಅದು ಅಳಿದೇಹೋಯಿತೆಂದು ತಿಳಿದಿದ್ದ ಪುರಾತನ ತಳಿ ಎಂದು ಗೊತ್ತಾಯಿತು, ಉಳಿದಿದ್ದವು ಕೆಲವೇ ಹತ್ತು. ಆರಿಸಿ ತಂದು, ಸಾಕಿ, ವಂಶಾವಳಿ ಬರೆದಳು. ಕೆಲವನ್ನು ಇಂಗ್ಲೆಂಡಿಗೂ ಕಳಿಸಲಾಯಿತು. 1979ರ ಕ್ರಾಂತಿಯ ಗದ್ದಲದಲ್ಲಿ ಅವಳ ಕುದುರೆಗಳು ಕೈಬಿಟ್ಟುಹೋದಾಗ ತಳಿಯ ಬೀಜ ಹೊರಗೆ ಉಳಿದಿತ್ತು. 2008ರಲ್ಲಿ ಅವಳು ತೀರಿಕೊಂಡಾಗ ಕ್ಯಾಸ್ಪಿಯನ್ ಕುದುರೆ ಹಲವು ದೇಶಗಳಲ್ಲಿತ್ತು. ನಾನು ಜಾತ್ರೆಯ ಮೇಜಿನ ಹಿಂದೆ ಕೂತು ನೋಡಿದ್ದನ್ನೇ ಅವಳು ಬೀದಿಯಲ್ಲಿ ನಿಂತು ನೋಡಿದಳು. ನೋಡುವ ಕಣ್ಣು ಬೇರೆಯಾಗಿತ್ತು, ಅಷ್ಟೆ.

ವಹಿಯಲ್ಲಿ ಏನು ಬರೆಯಬೇಕು

ಹೊಲಕ್ಕೆ ಪಹಣಿ ಇಲ್ಲದಿದ್ದರೆ, ಅಜ್ಜ ಮುತ್ತಜ್ಜ ಉತ್ತರೂ ಬ್ಯಾಂಕಿನವರು ಒಪ್ಪುವುದಿಲ್ಲ. ಕುದುರೆಯದೂ ಅದೇ ಮಾತು. ನಮ್ಮ ಹಿರಿಯರಿಗೆ ತಮ್ಮ ಬೂದು ಕುದುರೆಯ ತಾಯಿ, ತಾಯಿಯ ತಾಯಿ ಎಂದು ಏಳು ತಲೆ ಬಾಯಲ್ಲಿತ್ತು. ಅವರು ಮಣ್ಣಿಗೆ ಹೋದ ದಿನ ಅದೂ ಹೋಯಿತು.

ಒಂದು ಇನ್ನೂರು ಪುಟದ ವಹಿ ಸಾಕು. ಒಂದು ಕುದುರೆಗೆ ಎರಡು ಪುಟ. ಹೆಸರು, ಹುಟ್ಟಿದ ತಿಂಗಳು ಮತ್ತು ವರ್ಷ, ತಾಯಿ, ತಂದೆ, ತಂದೆ ಯಾವ ಹಟ್ಟಿಯದು, ಇಷ್ಟು ಮೊದಲ ಸಾಲುಗಳು. ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಹಲ್ಲು ನೋಡಿ. ಕುದುರೆಯ ಮುಂಬದಿಯ ನಡುವಿನ ಹಾಲುಹಲ್ಲು ಎರಡೂವರೆ ವರ್ಷಕ್ಕೆ ಬಿದ್ದು ಹೊಸದು ಬರುತ್ತದೆ, ಅದರ ಪಕ್ಕದವು ಮೂರೂವರೆಗೆ, ಅಂಚಿನವು ನಾಲ್ಕೂವರೆಗೆ. ಐದಕ್ಕೆ ಬಾಯಿ ತುಂಬುತ್ತದೆ. ಎತ್ತಿನ ಹಲ್ಲು ನೋಡಿ ಬಲ್ಲ ನಿಮಗೆ ಇದು ಕಷ್ಟವಲ್ಲ. ಒಂದು ವ್ಯತ್ಯಾಸ, ಕುದುರೆಗೆ ಮೇಲೂ ಮುಂಬಲ್ಲು ಇವೆ.

ಎತ್ತರವನ್ನು ಹೆಗಲ ದಿಣ್ಣೆಯಿಂದ ನೆಲಕ್ಕೆ ಅಳೆಯಬೇಕು, ತಲೆಯಿಂದಲ್ಲ. ಕುದುರೆ ಸಮನೆಲದಲ್ಲಿ ನಾಲ್ಕೂ ಕಾಲು ಊರಿ ನಿಂತಿರಲಿ. ಭೀಮಥಡಿ ಸಾಮಾನ್ಯವಾಗಿ ಸುಮಾರು 130 ಸೆಂಟಿಮೀಟರ್, ಎಂದರೆ ನಾಲ್ಕೂಕಾಲು ಅಡಿಯ ಆಸುಪಾಸು. ಎದೆಯ ಸುತ್ತಳತೆ, ಮುಂಗಾಲಿನ ಮೊಣಕಾಲ ಕೆಳಗಿನ ಎಲುಬಿನ ಸುತ್ತಳತೆ ಕೂಡ ಬರೆಯಿರಿ. ದರ್ಜಿಯ ಟೇಪು ಸಾಕು.

ಇನ್ನು ಸುಳಿ. ನಮ್ಮಲ್ಲಿ ಸುಳಿ ನೋಡಿ ಕುದುರೆ ಕೊಳ್ಳುತ್ತಾರೆ, ಸುಳಿ ನೋಡಿಯೇ ಮಾರುತ್ತಾರೆ. ಕೆಟ್ಟ ಸುಳಿ ಇದೆ ಎಂದು ಎಂಥ ಒಳ್ಳೆಯ ಕುದುರೆಯನ್ನೂ ಅರ್ಧ ಬೆಲೆಗೆ ದೂಡಿದ್ದನ್ನು ನಾನು ಕಂಡಿದ್ದೇನೆ. ಸುಳಿಯಿಂದ ಮನೆಗೆ ಕೇಡೂ ಬರದು, ಹೊನ್ನೂ ಬರದು. ಆದರೆ ಸುಳಿಯನ್ನು ಬರೆದಿಡುವ ಪದ್ಧತಿ ಬಹಳ ಉಪಯುಕ್ತ. ನಮ್ಮ ಹೆಬ್ಬೆಟ್ಟಿನ ಗೆರೆಯಂತೆ ಅದು ಒಂದೊಂದು ಕುದುರೆಗೆ ಒಂದೊಂದು ಬಗೆ. ಬೇರೆ ದೇಶಗಳ ಕುದುರೆ ಗುರುತಿನ ಕಾಗದದಲ್ಲೂ ಸುಳಿಯ ಜಾಗ ಗುರುತು ಮಾಡುತ್ತಾರೆ. ಹಣೆಯಲ್ಲಿ ಎಲ್ಲಿ, ಕುತ್ತಿಗೆಯಲ್ಲಿ ಎಲ್ಲಿ, ಕಾಲಿನ ಬಿಳುಪು ಎಲ್ಲಿವರೆಗೆ, ಒಂದು ಚಿತ್ರ ಬರೆದು ಗುರುತಿಡಿ. ಎರಡೂ ಮಗ್ಗುಲಿನ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಶಾಲೆಗೆ ಹೋಗುವ ಹುಡುಗಿ ಇದ್ದರೆ ಈ ಕೆಲಸ ಅವಳಿಗೆ ಕೊಡಿ, ನಮ್ಮ ನಿಮ್ಮ ಕೈಗಿಂತ ಅವಳದು ನೀಟಾಗಿರುತ್ತದೆ.

ಮುಖ್ಯವಾದದ್ದು ಗಂಡು ಕೂಡಿಸಿದ ದಿನ. ಹತ್ತು ಹಟ್ಟಿಗೆ ಒಂದೇ ಗಂಡು ಎಂದರೆ ಮೂರು ನಾಲ್ಕು ವರ್ಷಕ್ಕೆ ಅದರ ಮಗಳೇ ಅದರ ಮುಂದೆ ಬಂದು ನಿಲ್ಲುತ್ತಾಳೆ. ಹಾಗೆ ಕೂಡಿದರೆ ಮರಿ ಕುಗ್ಗುತ್ತದೆ, ಗಬ್ಬ ನಿಲ್ಲದು, ಕಾಲು ಸೊಟ್ಟಗಾಗುವುದೂ ಉಂಟು. ಈ ಕೂಟದಲ್ಲಿ ಈಚೆಗೆ ಎರಡು ಮರಿ ಹಾಗೆ ಹುಟ್ಟಿದ್ದವು. ಹೊರಗಿನ ರಕ್ತ ಬೇಡವೆಂದು ಪಟ್ಟು ಹಿಡಿದವರಿಗೆ ಒಳಗಿನ ಲೆಕ್ಕ ತಪ್ಪಿತ್ತು. ವಹಿ ಇದ್ದರೆ ಯಾವ ಹೆಣ್ಣಿಗೆ ಯಾವ ಗಂಡು ಬೇಡ ಎಂಬುದು ಕಣ್ಣಿಗೇ ಕಾಣುತ್ತದೆ. ಮೂರು ವರ್ಷಕ್ಕೊಮ್ಮೆ ಗಂಡನ್ನು ಬದಲಿಸಬೇಕು, ಅಕ್ಕಲಕೋಟೆ ಕಡೆಯ ನೆಂಟರಿಂದ ಅದೇ ಬಗೆಯ ಗಂಡು ತಂದರೆ ಉತ್ತಮ.

ರೋಗದ ಬಗ್ಗೆ ಒಂದೇ ಎಚ್ಚರಿಕೆ. ಮೂಗಿನಿಂದ ದಪ್ಪ ಸಿಂಬಳ, ಮೂಗಿನೊಳಗೆ ಹುಣ್ಣು, ಚರ್ಮದ ಕೆಳಗೆ ಗಂಟು ಕಂಡರೆ ಗ್ಲ್ಯಾಂಡರ್ಸ್ ಇರಬಹುದು. ಇದಕ್ಕೆ ಲಸಿಕೆ ಇಲ್ಲ, ಮನುಷ್ಯರಿಗೂ ತಗಲುತ್ತದೆ. ಮುಚ್ಚಿಡದೆ ಪಶುವೈದ್ಯರಿಗೆ ತಿಳಿಸಬೇಕು, 2009ರ ಕಾಯಿದೆಯೂ ಹಾಗೆ ಹೇಳುತ್ತದೆ. ಜಾತ್ರೆಗೆ ಒಯ್ಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ ಆ ಚೀಟಿಯನ್ನೂ ವಹಿಗೆ ಅಂಟಿಸಿ.

ಇದೆಲ್ಲ ಬರೆದರೆ ಏನು ಬರುತ್ತದೆ ಎಂದು ಕೇಳುವವರಿದ್ದಾರೆ, ಕೇಳುವುದು ನ್ಯಾಯವೇ. ಡಾ. ವರ್ಗೀಸ್ ಕುರಿಯನ್ನರ ಹುಟ್ಟುಹಬ್ಬವಾದ ನವೆಂಬರ್ 26ರಂದು ಕೊಡುವ ಗೋಪಾಲ ರತ್ನ ಪ್ರಶಸ್ತಿಗೆ ಕುದುರೆಯವರು ಹಾಕುವಂತಿಲ್ಲ, ಅದು ಆಕಳು ಎಮ್ಮೆಗೆ. ಆದರೆ ಕರ್ನಾಲದ ಬ್ಯೂರೋ 2017ರಿಂದ ದೇಶೀ ತಳಿ ಉಳಿಸಿದವರಿಗೆ ತಳಿ ಸಂರಕ್ಷಣಾ ಪ್ರಶಸ್ತಿ ಕೊಡಲಾರಂಭಿಸಿತು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ಕುದುರೆ, ಕತ್ತೆ, ಹೇಸರಗತ್ತೆ, ಒಂಟೆಗಳನ್ನೂ ಸೇರಿಸಿ, ಸಾಕಣೆ ಘಟಕಕ್ಕೆ ಬಂಡವಾಳದ ಅರ್ಧ, 50 ಲಕ್ಷ ರೂಪಾಯಿ ಮೀರದಂತೆ, ಸಹಾಯಧನ ಕೊಡಲು ಒಪ್ಪಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆರಂಭವಾದ 21ನೆಯ ಜಾನುವಾರು ಗಣತಿಯಲ್ಲಿ ಅಲೆಮಾರಿ ಕುರಿಗಾರರ ಜಾನುವಾರುಗಳನ್ನು ಮೊದಲ ಬಾರಿಗೆ ಬೇರೆಯಾಗಿ ಬರೆದುಕೊಳ್ಳುವ ಏರ್ಪಾಡಾಯಿತು. ಇಂಥ ಯಾವ ಬಾಗಿಲಿಗೆ ಹೋದರೂ ಮೊದಲು ಕೇಳುವುದು, "ದಾಖಲೆ ಎಲ್ಲಿ?"

ಕಡಗ ಯಾರಿಗೆ

ಎಂಟು ದಿನ ಬಿಟ್ಟು ಹುಡುಗ ಬಂದ. ಜೊತೆಯಲ್ಲಿ ಜೇವರ್ಗಿ ಕಡೆಯ ಅವನ ಸೋದರಮಾವನೂ ಇದ್ದರು. ನಾನು ಮೊದಲು ಹದಿನೇಳು ವರ್ಷದ ಹಿಂದಿನ ರಿಜಿಸ್ಟರಿನ ಮಾತು ಹೇಳಿಕೊಂಡೆ. ಹುಡುಗನಿಗೆ ಅದು ಗೊತ್ತೇ ಇರಲಿಲ್ಲ. ಮಾವ ನಕ್ಕು, "ಅಂವ ಅದನ್ನ ಯಾರ ಮುಂದೂ ಅಂದಿಲ್ರಿ, ಸಾಹೇಬ ಸಣ್ಣಾಂವ ಅದಾನ, ಕಲೀತಾನ ಅಂತಿದ್ದ" ಎಂದರು. ನಾನು ಸ್ವಲ್ಪ ಹೊತ್ತು ಚಹಾದ ಕಡೆ ನೋಡುತ್ತ ಕೂತೆ.

ಆಮೇಲೆ ಮೂವರೂ ಕೂತು ಗೊತ್ತುಮಾಡಿದ್ದು ಹೀಗೆ. ಎತ್ತರಕ್ಕೆ, ಬಣ್ಣಕ್ಕೆ, ಕುಣಿತಕ್ಕೆ ಅಂಕವಿಲ್ಲ. ನೂರರಲ್ಲಿ ಐವತ್ತು ಅಂಕ ವಹಿಗೆ. ಮೂವತ್ತು ನಡಿಗೆಗೆ: ಬೆಳಗಿನ ತಂಪಿನಲ್ಲಿ ಗುಡಾರ, ಪಾತ್ರೆ ಹೇರಿಕೊಂಡು ಹೊಳೆದಂಡೆಯ ಗುಂಟ ಐದು ಮೈಲಿ ನಡೆಯಬೇಕು, ಓಡಬಾರದು. ಮುಟ್ಟಿದ ಮೇಲೆ ಗೊರಸು, ಬೆನ್ನು, ಉಸಿರು ನೋಡಿ ಅಂಕ. ಹೇರು 50 ಕಿಲೋ ಮೀರಬಾರದು. 1965ರ ನಿಯಮದಂತೆ ತಟ್ಟುವಿನ ಮೇಲೆ 70 ಕಿಲೋವರೆಗೆ ಹೇರಬಹುದಾದರೂ ಬೇಸಿಗೆಯ ಜಾತ್ರೆಗೆ ಅಷ್ಟು ಬೇಡವೆಂದು ಮಾವನೇ ಹೇಳಿದರು. ಉಳಿದ ಇಪ್ಪತ್ತು ಹೆಣ್ಣಿನ ಜೊತೆ ಬಂದ ಮರಿಗೆ. ಪಶುವೈದ್ಯರನ್ನು ತೀರ್ಪಿಗೆ ಕರೆಯುವುದು. ರಿಜಿಸ್ಟರ್ ಬರೆಯಲು ನಾನು ಬರುತ್ತೇನೆಂದೆ. ಈ ಸಲ 'ತಳಿ' ಎಂಬ ಅಂಕಣದಲ್ಲಿ ಮಾಲೀಕ ಹೇಳಿದ್ದನ್ನೇ ಬರೆಯುವುದು, ಪಕ್ಕದಲ್ಲಿ ಅಳತೆ.

ಹುಡುಗ ಕಡಗವನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದ: "ಈ ವರ್ಷ ಯಾರ ಕಡೆನೂ ವಹಿ ಇಲ್ಲಲ್ರಿ, ಯಾರಿಗಿ ಕೊಡೋದು?"

"ಈ ವರ್ಷ ಬ್ಯಾಡ ಬಿಡು, ಪೆಟ್ಟಿಗ್ಯಾಗ ಇರ್ಲಿ" ಎಂದರು ಮಾವ.

ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಹುಡುಗ ಹತ್ತು ಹಟ್ಟಿಗೆ ಹತ್ತು ವಹಿ ಕೊಂಡ. ಅಲ್ಲೇ ಕಟ್ಟೆಯ ಮೇಲೆ ಕೂತು ಒಂದರ ಮೊದಲ ಪುಟದಲ್ಲಿ ತಂದೆಯ ಬೂದು ಕುದುರೆಯ ಹೆಸರು ಬರೆದು, ಕೆಳಗೆ ತಾಯಿ, ತಾಯಿಯ ತಾಯಿ ಎಂದು ನೆನಪಿದ್ದಷ್ಟು ಬರೆಯುತ್ತ ಹೋದ. ಏಳರಲ್ಲಿ ನಾಲ್ಕು ಹೆಸರು ಬಂದವು. ಮೂರು ಸಾಲು ಖಾಲಿ ಬಿಟ್ಟು, ಜೇವರ್ಗಿ ಬಸ್ಸು ಯಾವಾಗ ಎಂದು ವಿಚಾರಿಸಿದ. ಅಲ್ಲಿ ಅವನ ತಂದೆಯ ಅಕ್ಕ ಇದ್ದಾರಂತೆ, ಅವರಿಗೆ ಗೊತ್ತಿರಬಹುದಂತೆ.